ವಿಶ್ವವಿದ್ಯಾಲಯದ ಸಾರ್ವಜನಿಕ ಉಪನ್ಯಾಸಗಳನ್ನು ಸಾರ್ವಜನಿಕರಿಗೆ ತೆರೆಯುವ ಕುರಿತು ಮನವಿ

ಗೆ,
ಮಾನ್ಯ ಕುಲಪತಿಗಳು ಹಾಗೂ ಸಿಂಡಿಕೇಟ್ ಸದಸ್ಯರು,
ವಿಶ್ವವಿದ್ಯಾಲಯದ ಆಡಳಿತ ಕಚೇರಿ.

ಇಂದ,
ವಿಶ್ವವಿದ್ಯಾಲಯದ ಹಳೆಯ ಹಾಗೂ ಇಂದಿನ ವಿದ್ಯಾರ್ಥಿಗಳು, ನಿವೃತ್ತ ಅಧ್ಯಾಪಕರು ಮತ್ತು ಊರಿನ ನಾಗರಿಕರು.

ವಿಷಯ: ರಾಜಕೀಯ, ಸಂಸ್ಕೃತಿ ಮತ್ತು ಕಲೆಗಳನ್ನು ಕುರಿತ ಉಪನ್ಯಾಸಗಳನ್ನು ಸಂಜೆಯ ಹೊತ್ತು, ಎಲ್ಲರಿಗೂ ಮುಕ್ತವಾಗಿ, ಪ್ರಶ್ನೋತ್ತರ ಸಹಿತ ನಡೆಸುವ ಬಗ್ಗೆ.

ಮಾನ್ಯರೇ,

ನಮ್ಮ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಗಳಿಗೆ ಕೊರತೆಯಿಲ್ಲ. ಅಧ್ಯಯನ ಪೀಠಗಳ ಉಪನ್ಯಾಸ, ದತ್ತಿ ಉಪನ್ಯಾಸ, ಮಹನೀಯರ ಜಯಂತಿಯ ವಿಶೇಷ ಉಪನ್ಯಾಸ ಎಂದು ವರ್ಷವಿಡೀ ಆಹ್ವಾನ ಪತ್ರಿಕೆಗಳು ಅಚ್ಚಾಗುತ್ತವೆ. ಸರ್ವರಿಗೂ ಆದರದ ಸ್ವಾಗತ ಎಂಬ ಸಾಲೂ ಅವುಗಳಲ್ಲಿರುತ್ತದೆ. ಆದರೆ ಊರಿನ ಜನ ಬರಲಾಗದ ಹೊತ್ತಿನಲ್ಲಿ, ಬಂದರೂ ಒಂದು ಮಾತು ಕೇಳಲಾಗದ ರೀತಿಯಲ್ಲಿ ಅವು ನಡೆಯುತ್ತಿವೆ. ಇದು ಬದಲಾಗಬೇಕೆಂದು ಕೋರಿ ಈ ಮನವಿಯನ್ನು ಸಲ್ಲಿಸುತ್ತಿದ್ದೇವೆ.

ಹಿಂದಿನ ಶೈಕ್ಷಣಿಕ ವರ್ಷದಲ್ಲಿ ಪಂಚಾಯತ್ ರಾಜ್ ಕುರಿತು ನಡೆದ ಉಪನ್ಯಾಸವನ್ನೇ ನೋಡಿ. ಕರ್ನಾಟಕದ ಪಾಲಿಗೆ ಇದು ಹೆಮ್ಮೆಯ ವಿಷಯ. ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ, ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆಯಡಿ, 1987ರ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳನ್ನು ಕಾದಿರಿಸಿದ್ದ ರಾಜ್ಯ ನಮ್ಮದು. ಆ ಉಪನ್ಯಾಸವನ್ನು ಕೇಳಲೆಂದು ಹತ್ತಿರದ ಹಳ್ಳಿಯಿಂದ ಇಬ್ಬರು ಗ್ರಾಮ ಪಂಚಾಯಿತಿ ಸದಸ್ಯೆಯರು ಬಂದಿದ್ದರು. ಕಾರ್ಯಕ್ರಮವಿದ್ದದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಶುರುವಾದದ್ದು ಹನ್ನೆರಡರ ಹತ್ತಿರ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ವೇದಿಕೆಯ ಮೇಲಿದ್ದ ಒಬ್ಬೊಬ್ಬರಿಗೂ ಶಾಲು, ಹಾರ, ಸ್ಮರಣಿಕೆ, ಪ್ರತಿಯೊಂದಕ್ಕೂ ಫೋಟೊ. ಬೆಂಗಳೂರಿನಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದ ಉಪನ್ಯಾಸಕರಿಗೆ ಸಿಕ್ಕಿದ್ದು ಅರ್ಧ ಗಂಟೆಗೂ ಕಡಿಮೆ. ಅಧ್ಯಕ್ಷೀಯ ಭಾಷಣ ಅದಕ್ಕಿಂತ ಉದ್ದವಾಗಿತ್ತು. ಆಮೇಲೆ, ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ, ಊಟದ ವ್ಯವಸ್ಥೆಯಿದೆ ಎಂದು ನಿರೂಪಕರು ಪ್ರಕಟಿಸಿದರು. ಹಿಂದಿನ ಸಾಲಿನಲ್ಲಿದ್ದ ಆ ಇಬ್ಬರು ಹೆಂಗಸರ ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದಿತ್ತು. ಗ್ರಾಮಸಭೆಯ ನಡಾವಳಿಯನ್ನು ತಿದ್ದಿ ಬರೆದರೆ ಸದಸ್ಯರು ಏನು ಮಾಡಬಹುದು ಎಂಬುದು ಅದರಲ್ಲಿದ್ದ ಮೊದಲ ಪ್ರಶ್ನೆ. ಅಧಿಕಾರ ವಿಕೇಂದ್ರೀಕರಣದ ಬಗ್ಗೆ ಆ ದಿನ ಆ ಸಭಾಂಗಣದಲ್ಲಿ ಇದ್ದ ಅತ್ಯಂತ ಮುಖ್ಯವಾದ ಮಾತು ಅದೇ ಆಗಿತ್ತು ಎಂದು ನಾವು ದೃಢವಾಗಿ ನಂಬಿದ್ದೇವೆ. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಕನ್ನಡ ನಾಡಿನಲ್ಲಿ ಉಪನ್ಯಾಸಕ್ಕೆ ಇದ್ದ ಸ್ಥಾನ ಇಂಥದ್ದಲ್ಲ. 1911ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದಾಗ ಮೈಸೂರು ವಿಶ್ವವಿದ್ಯಾನಿಲಯ ಇನ್ನೂ ಹುಟ್ಟಿರಲಿಲ್ಲ. ಅದು ಸ್ಥಾಪನೆಯಾದದ್ದು 1916ರಲ್ಲಿ. ಆ ಒಂದು ಉಪನ್ಯಾಸವನ್ನು ಬಿಟ್ಟು ಹೊಸಗನ್ನಡದ ಚರಿತ್ರೆಯನ್ನು ಬರೆಯಲಾಗುವುದಿಲ್ಲ. ಮುಂದೆ ಅದೇ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದ ಶ್ರೀಕಂಠಯ್ಯನವರು ಊರೂರು ತಿರುಗಿ ಕನ್ನಡದ ಬಗ್ಗೆ ಮಾತನಾಡಿದರು. ಅಧ್ಯಾಪಕರು ಸಣ್ಣ ಊರುಗಳಿಗೆ ಹೋಗಿ ಪ್ರಚಾರೋಪನ್ಯಾಸ ಕೊಡುವುದು, ಅದನ್ನು ಎಲ್ಲರ ಕೈಗೆಟುಕುವ ಬೆಲೆಯ ಪುಟ್ಟ ಪುಸ್ತಕವಾಗಿ ಅಚ್ಚು ಹಾಕುವುದು ನಮ್ಮ ವಿಶ್ವವಿದ್ಯಾಲಯಗಳು ಬೆಳೆಸಿಕೊಂಡು ಬಂದ ಪದ್ಧತಿ. ಪ್ರಸಾರಾಂಗಗಳು ನಿಂತಿರುವುದೇ ಈ ಕೆಲಸಕ್ಕೆ. ಬೆಂಗಳೂರಿನಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು, ಸಾಮಾನ್ಯ ಪ್ರಜೆ ರಾಜ್ಯಶಾಸ್ತ್ರವನ್ನು ತಿಳಿಯದೆ ಪ್ರಜಾಪ್ರಭುತ್ವ ನಡೆಯದು ಎಂಬ ಕಾಳಜಿಯಿಂದ. 1962ರಲ್ಲಿ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ ಬುಧವಾರದ ಸಂಜೆಯನ್ನು ಉಪನ್ಯಾಸಕ್ಕೆಂದೇ ಮೀಸಲಿಟ್ಟಿತು. ವಾರ ಮತ್ತು ಹೊತ್ತು ಗೊತ್ತಿದ್ದರೆ ಜನ ಬರುತ್ತಾರೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದ್ದರಿಂದ ತಿಂಗಳಲ್ಲಿ ಎರಡು ನಿಗದಿತ ಸಂಜೆ ಸಾರ್ವಜನಿಕ ಉಪನ್ಯಾಸ ನಡೆಯಬೇಕು. ಸ್ಥಳ ಕ್ಯಾಂಪಸ್ಸಿನ ಸಭಾಂಗಣವಾದರೆ ಉಪನ್ಯಾಸ ಮುಗಿದ ಮೇಲೆ ಊರಿಗೆ ಹಿಂತಿರುಗಲು ನಗರ ಸಾರಿಗೆ ಬಸ್ಸಿನ ಏರ್ಪಾಡಾಗಬೇಕು. ಆಗದಿದ್ದರೆ ಊರೊಳಗಿನ ಗ್ರಂಥಾಲಯದಲ್ಲೋ ಕಾಲೇಜಿನಲ್ಲೋ ನಡೆಸಬೇಕು. ಔಪಚಾರಿಕ ಕಲಾಪ ಹತ್ತು ನಿಮಿಷ ದಾಟಬಾರದು. ಉಪನ್ಯಾಸ ಒಂದು ಗಂಟೆಯಾದರೆ ಪ್ರಶ್ನೋತ್ತರಕ್ಕೆ ಕನಿಷ್ಠ ಅರ್ಧ ಗಂಟೆ ಇರಲೇಬೇಕು ಮತ್ತು ಅದನ್ನು ಆಹ್ವಾನ ಪತ್ರಿಕೆಯಲ್ಲೇ ನಮೂದಿಸಬೇಕು. ನಮ್ಮ ಬೇಡಿಕೆಗಳಲ್ಲಿ ಒಂದನ್ನು ಮಾತ್ರ ಈಡೇರಿಸಲು ಸಾಧ್ಯ ಎಂದಾದರೆ ಈ ಅರ್ಧ ಗಂಟೆಯನ್ನೇ ಕೊಡಿ.

ಎರಡನೆಯ ಸಂಗತಿ ಇನ್ನೂ ಗಂಭೀರವಾದದ್ದು. ರಾಜಕೀಯ ಅಥವಾ ಜಾತಿಯ ಪ್ರಶ್ನೆಗಳನ್ನು ಕುರಿತ ಉಪನ್ಯಾಸಗಳು ಹಿಂದಿನ ರಾತ್ರಿ ರದ್ದಾಗುತ್ತಿವೆ. ಯಾರೋ ಫೋನ್ ಮಾಡಿದರು, ಮೇಲಿನವರಿಗೆ ಇಷ್ಟವಿಲ್ಲ, ಗಲಾಟೆ ಆಗಬಹುದು ಎಂಬ ಬಾಯಿಮಾತಿನ ಹೊರತು ಯಾವ ಕಾರಣವೂ ಕಡತದಲ್ಲಿ ಇರುವುದಿಲ್ಲ. ಬಾಗಿಲಿಗೆ ತಾಂತ್ರಿಕ ಕಾರಣಗಳಿಂದ ಮುಂದೂಡಲಾಗಿದೆ ಎಂಬ ಚೀಟಿ ಅಂಟಿಸಿರುತ್ತಾರೆ. ಹಾಗೆ ಮುಂದೂಡಿದ ಉಪನ್ಯಾಸ ಮತ್ತೆ ನಡೆದದ್ದನ್ನು ನಾವು ಕಂಡಿಲ್ಲ. ಸಂವಿಧಾನದ 19(1)(ಎ) ವಿಧಿ ಕೊಟ್ಟ ಸ್ವಾತಂತ್ರ್ಯಕ್ಕೆ 19(2)ರ ಅಡಿ ಮಿತಿ ಹೇರಲು ಕಾನೂನು ಬೇಕು. ದೂರವಾಣಿ ಕರೆ ಕಾನೂನಲ್ಲ. ಪ್ರತಿಭಟನೆ ಅಥವಾ ಹಿಂಸೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಎಸ್. ರಂಗರಾಜನ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಅಹಿತವಾದ ಮಾತಿನಿಂದ ಏನಾಗುತ್ತದೆ ಎಂಬುದನ್ನೂ ನಾಡು ಕಂಡಿದೆ. 1973ರ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಆಡಿದ ಬೂಸಾ ಎಂಬ ಮಾತಿಗೆ ಬೀದಿಗಳಲ್ಲಿ ಗಲಭೆಯಾಯಿತು, ಅವರು ಸಚಿವ ಸ್ಥಾನ ಬಿಡಬೇಕಾಯಿತು. ಆದರೆ ಆ ಮಾತು ಎಬ್ಬಿಸಿದ ವಾಗ್ವಾದ ದಲಿತ ಚಳವಳಿಗೆ ಕಸುವು ತುಂಬಿತು. ಆ ದಶಕ ಮುಗಿಯುವ ಹೊತ್ತಿಗೆ ಬಂಡಾಯ ಸಾಹಿತ್ಯ ಸಂಘಟನೆಯೂ ಬಂತು. ಇಂದು ಆ ಸಾಹಿತ್ಯ ನಮ್ಮ ಎಂ.ಎ. ತರಗತಿಗಳ ಪಠ್ಯ. ಅದನ್ನು ಪಾಠ ಮಾಡುವ ವಿಶ್ವವಿದ್ಯಾಲಯ ಅಂಥ ವಾಗ್ವಾದಕ್ಕೆ ತನ್ನ ಬಾಗಿಲು ಮುಚ್ಚುವುದು ಸರಿಯಲ್ಲ. ಒಮ್ಮೆ ಪ್ರಕಟಿಸಿದ ಉಪನ್ಯಾಸವನ್ನು ರದ್ದು ಮಾಡಬೇಕಾದರೆ ಆದೇಶ ಲಿಖಿತವಾಗಿರಬೇಕು, ಅದರಲ್ಲಿ ಕಾರಣ ಮತ್ತು ಸಹಿ ಇರಬೇಕು, ಅದು ಮುಂದಿನ ಸಿಂಡಿಕೇಟ್ ಸಭೆಯ ಮುಂದೆ ಬರಬೇಕು. ಭಿನ್ನ ಅಭಿಪ್ರಾಯವಿರುವವರಿಗೆ ಅದೇ ವೇದಿಕೆಯಲ್ಲಿ ಮತ್ತೊಂದು ಸಂಜೆಯನ್ನು ಕೊಡಿ. ಅವರ ಮಾತನ್ನು ಕೇಳಲೂ ನಾವು ಬರುತ್ತೇವೆ.

ಕಲೆಗಳ ವಿಷಯದಲ್ಲಿ ಅಡ್ಡಿ ಬೇರೆ ಬಗೆಯದು. ತೊಗಲುಗೊಂಬೆಯ ಕಲಾವಿದರೊಬ್ಬರನ್ನು ವಿಭಾಗವೊಂದು ಪ್ರಾತ್ಯಕ್ಷಿಕೆಗೆ ಕರೆದಿತ್ತು. ಸಂಭಾವನೆಯ ಅರ್ಜಿಯಲ್ಲಿ ಪದನಾಮ, ವಿದ್ಯಾರ್ಹತೆ ಎಂಬ ಕಲಂಗಳಿದ್ದವು. ಅವರು ಎರಡನ್ನೂ ಖಾಲಿ ಬಿಟ್ಟರು. ಬಿಲ್ಲು ಹಿಂದಿರುಗಿತು. ಚರ್ಮವನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಉಳಿಯಿಂದ ಕೊರೆದು ಬಣ್ಣ ಹಾಕುವ ವಿದ್ಯೆಯನ್ನು ತಲೆಮಾರುಗಳಿಂದ ಬಲ್ಲ ಮನೆತನದವರಿಗೆ ಬಸ್ ಚಾರ್ಜಾದರೂ ಸಿಗಲು ತಿಂಗಳುಗಳು ಹಿಡಿದವು. ಕಲಾವಿದರಿಗೆ ಪದವೀಧರರಿಗೆ ಕೊಡುವಷ್ಟೇ ಸಂಭಾವನೆಯನ್ನು ಅದೇ ದಿನ ಕೊಡುವಂತೆ ನಿಯಮ ಬದಲಾಗಬೇಕು.

ದತ್ತಿಗಳ ವಿವರವೂ ಪ್ರಕಟವಾಗಬೇಕು: ಮೂಲಧನ ಎಷ್ಟು, ಬಡ್ಡಿ ಎಷ್ಟು, ಕೊನೆಯ ಉಪನ್ಯಾಸ ಯಾವಾಗ ನಡೆಯಿತು. ದಾನಿಗಳಲ್ಲಿ ಹಲವರು ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತಂದುಕೊಟ್ಟ ಶಾಲಾ ಶಿಕ್ಷಕರು. ಹಾಗೆಯೇ ಪ್ರತಿ ಉಪನ್ಯಾಸದ ಧ್ವನಿಮುದ್ರಣವನ್ನು ಎಲ್ಲರಿಗೂ ಸಿಗುವಂತೆ ಇಡಬೇಕು; ಆಯ್ದವನ್ನು ಪ್ರಸಾರಾಂಗ ಪ್ರಶ್ನೋತ್ತರ ಸಹಿತ ಪುಸ್ತಕವಾಗಿ ತರಬೇಕು.

ಇದು ಹೆಚ್ಚುವರಿ ಕೆಲಸ ಎಂದು ಯಾರಾದರೂ ಹೇಳಿದರೆ, ಬೋಧನೆ ಮತ್ತು ಸಂಶೋಧನೆಯ ಜೊತೆಗೆ ವಿಸ್ತರಣೆಯೂ ವಿಶ್ವವಿದ್ಯಾಲಯದ ಹೊಣೆಯೆಂದು ಯುಜಿಸಿ ಎಪ್ಪತ್ತರ ದಶಕದಲ್ಲೇ ಒಪ್ಪಿದೆ, ನ್ಯಾಕ್ ಮೌಲ್ಯಮಾಪನದಲ್ಲೂ ಅದಕ್ಕೆ ಅಂಕಗಳಿವೆ ಎಂಬುದನ್ನು ನೆನಪಿಸಬಯಸುತ್ತೇವೆ. ಉಪನ್ಯಾಸಗಳನ್ನು ಯೋಜಿಸಲು ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಊರಿನ ಕೇಳುಗರು ಸಮಾನ ಸಂಖ್ಯೆಯಲ್ಲಿರುವ ಸಮಿತಿಯನ್ನು ನೇಮಿಸಿ. ಕುರ್ಚಿ ಹಾಕುವುದರಿಂದ ಹಿಡಿದು ಧ್ವನಿಮುದ್ರಣವನ್ನು ಬರಹಕ್ಕಿಳಿಸುವವರೆಗೆ ಯಾವ ಕೆಲಸಕ್ಕೂ ನಾವು ಸಿದ್ಧರಿದ್ದೇವೆ.

ಈ ಮನವಿಯನ್ನು ಮುಂದಿನ ಸಿಂಡಿಕೇಟ್ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದೂ ನಮ್ಮ ನಿಯೋಗಕ್ಕೆ ಆ ಸಭೆಯಲ್ಲಿ ಮಾತನಾಡಲು ಅವಕಾಶ ಕೊಡಬೇಕೆಂದೂ ತೆಗೆದುಕೊಂಡ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ.


ತಮ್ಮ ವಿಶ್ವಾಸಿಗಳು
(ಸಹಿಗಳ ಪಟ್ಟಿಯನ್ನು ಲಗತ್ತಿಸಿದೆ)