ಸನ್ನದಿಗೆ 750, ಹೊಟ್ಟೆಗೆಷ್ಟು?

ಬಸವಕಲ್ಯಾಣದ ಕೋರ್ಟಿರಲಿ, ಹುಮನಾಬಾದಿನ ಕೋರ್ಟಿರಲಿ, ಬೆಳಿಗ್ಗೆ ಗೇಟಿನ ಹತ್ತಿರ ನಿಂತು ನೋಡಿ. ಬಸ್ಸಿಳಿದು ಬರುವ ಕಕ್ಷಿದಾರರಲ್ಲಿ ಎಲ್ಲ ಜಾತಿಯವರು, ಎಲ್ಲ ಕಸುಬಿನವರು ಇದ್ದಾರೆ. ಕರಿಕೋಟು ಹಾಕಿದವರಲ್ಲೂ ಅಷ್ಟೇ ತರದವರು ಇದ್ದಾರೆಯೇ?

ಮೊದಲು ಬಾಗಿಲಲ್ಲೇ ತಡೆ ಇತ್ತು. ವಕೀಲರ ಕಾಯ್ದೆ ಪ್ರಕಾರ ಸನ್ನದಿನ ಫೀಜು 750 ರೂ., ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂ. ಮಾತ್ರ. ಆದರೆ ರಾಜ್ಯಗಳ ವಕೀಲರ ಪರಿಷತ್ತುಗಳು ಆ ನಿಧಿ, ಈ ನಿಧಿ ಎಂದು ಸೇರಿಸಿ 15,000ದಿಂದ 42,000 ರೂ.ವರೆಗೆ ವಸೂಲು ಮಾಡುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಇದಕ್ಕೆ ಕಡಿವಾಣ ಹಾಕಿತು. 'ಐಚ್ಛಿಕ' ಎಂಬ ಹೆಸರಿನಲ್ಲೂ ವಸೂಲಿ ಕೂಡದೆಂದು 2025ರ ಆಗಸ್ಟಿನಲ್ಲಿ ಕರ್ನಾಟಕದ ಪರಿಷತ್ತಿಗೇ ಹೇಳಿತು. ಒಳ್ಳೆಯದೇ ಆಯಿತು.

ಆದರೆ ಬಾಗಿಲು ದಾಟಿದ ಮೇಲೆ? ಹೊಸ ವಕೀಲ ಹಿರಿಯರ ಕೈಕೆಳಗೆ ಎರಡು ಮೂರು ವರ್ಷ ದುಡಿಯಬೇಕು. ಫೈಲು ಹೊರಬೇಕು, ತಾರೀಖು ಬರೆದುಕೊಳ್ಳಬೇಕು, ನಕಲು ತರಬೇಕು. ಎಷ್ಟೋ ಕಡೆ ಕೈಗೆ ಬರುವುದು ಚಹಾದ ರೊಕ್ಕ, ಬಸ್ ಚಾರ್ಜು. ವಕೀಲರ ಮಗನಿಗೆ ಅಪ್ಪನ ಆಫೀಸಿದೆ, ಅಪ್ಪನ ಪುಸ್ತಕವಿದೆ, ಅಪ್ಪನ ಕಕ್ಷಿದಾರರಿದ್ದಾರೆ. ತೊಗರಿ ಹೊಲದಲ್ಲಿ ಕೂಲಿ ಮಾಡುವವಳ ಮಗಳಿಗೆ ಏನಿದೆ? "ಓದ್ಸಿದ್ದು ಸಾಕಾಯ್ತು, ಇನ್ನ ಮನಿಗಿ ಏನರ ತಾ" ಅನ್ನುತ್ತದೆ ಮನೆ. ಕರಿಕೋಟು ಗೂಟಕ್ಕೆ ಹೋಗುತ್ತದೆ.

ಇದರ ಫಲ ಮೇಲಿನವರೆಗೂ ಕಾಣುತ್ತದೆ. 2018ರಿಂದ 2022ರವರೆಗೆ ದೇಶದ ಹೈಕೋರ್ಟುಗಳಿಗೆ ನೇಮಕವಾದ 537 ನ್ಯಾಯಮೂರ್ತಿಗಳಲ್ಲಿ ಶೇ. 79ರಷ್ಟು ಸಾಮಾನ್ಯ ವರ್ಗದವರು. ಪರಿಶಿಷ್ಟ ಜಾತಿಯವರು ಶೇ. 2.8. ಕೆಳಗೆ ಬಾರ್ ರೂಮಿನಲ್ಲಿ ನಿಲ್ಲಲಾಗದವರು ಮೇಲೆ ಪೀಠದಲ್ಲಿ ಕೂರುವುದೆಲ್ಲಿ ಬಂತು?

ಇದು ವಕೀಲರ ಮನೆಯ ಮಾತು, ಅಂಗಡಿಯವರಿಗೇನು ಅನ್ನಬೇಡಿ. ಚೆಕ್ ಬೌನ್ಸಾದಾಗ, ಮಳಿಗೆಯ ಬಾಡಿಗೆ ತಕರಾರಾದಾಗ, ಪಹಣಿಯಲ್ಲಿ ಹೆಸರು ತಪ್ಪಿದಾಗ ನಿಮ್ಮ ಕಷ್ಟ ಬಲ್ಲ ವಕೀಲ ಬೇಕೋ ಬೇಡವೋ?

ಕಿರಿಯ ವಕೀಲರಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂ. ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹೇಳಿದೆ. ಅದು ಸಲಹೆ, ಕಡ್ಡಾಯವಲ್ಲ. ಪರಿಶಿಷ್ಟ ಕಾನೂನು ಪದವೀಧರರಿಗೆ ಸರ್ಕಾರದ ತರಬೇತಿ ಭತ್ಯೆಯೂ ಇದೆ. ಅರ್ಜಿ ಎಲ್ಲಿ, ಯಾವಾಗ ಹಾಕಬೇಕೆಂದು ಹಳ್ಳಿ ಹುಡುಗರಿಗೆ ಹೇಳುವವರಾರು?

ಎರಡೂ ಊರಿನ ಹಿರಿಯ ವಕೀಲರು ಕೂತು ಕಿರಿಯರಿಗೆ ತಿಂಗಳಿಗೆ ಇಂತಿಷ್ಟು ಎಂದು ಗೊತ್ತುಮಾಡಲಿ. ಒಮ್ಮೆಗೇ 15,000 ಆಗದಿದ್ದರೆ ಊಟ, ಖೋಲಿ ಬಾಡಿಗೆ, ಬಸ್ ಪಾಸಿಗೆ ಸಾಲುವಷ್ಟಾದರೂ ಶುರುಮಾಡಲಿ. ಭತ್ಯೆಯ ಅರ್ಜಿ ತುಂಬಿಸುವ ಹೊಣೆಯನ್ನು ಸಂಘಗಳು ಹೊರಲಿ. 12ನೇ ಶತಮಾನದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಬಸವಣ್ಣನವರ ಸರಿಸಮ ಕೂತ ಕಲ್ಯಾಣವಿದು. ಇಲ್ಲಿನ ಬಾರ್ ರೂಮಿನಲ್ಲಿ ಕೂಲಿಯವಳ ಮಗಳಿಗೊಂದು ಕುರ್ಚಿ ಹಾಕಿಸಲು ಹಿರಿಯರು ಮನಸ್ಸು ಮಾಡುವರೇ?