ತಲೆನೋವಿಗೂ ಒಂದು ಲೆಕ್ಕ ಇರಲಿ



ಹಸು ಒಂದು ಹೊತ್ತು ಮೇವು ಮುಟ್ಟದಿದ್ದರೆ ನಾವು ಸುಮ್ಮನಿರುವುದಿಲ್ಲ. ಮೈ ಮುಟ್ಟಿ ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ, ಸಂಘಕ್ಕೆ ಹೇಳಿ ಡಾಕ್ಟರನ್ನು ಕರೆಸುತ್ತೇವೆ. ಆದರೆ ತಿಂಗಳಿಗೆ ಮೂರು ನಾಲ್ಕು ಸಲ ನಮ್ಮದೇ ತಲೆ ಸಿಡಿದು ವಾಂತಿಯಾದರೆ? ಹಣೆಗೆ ಬಟ್ಟೆ ಬಿಗಿದುಕೊಂಡು, ಅಂಗಡಿಯಿಂದ ತರಿಸಿದ ಮಾತ್ರೆ ನುಂಗಿ, ಸಂಜೆ ಹಾಲು ಕರೆಯಲು ಏಳುತ್ತೇವೆ. "ತಲೆನೋವು ತಾನೆ" ಎಂದು ಮನೆಯವರೂ ಅನ್ನುತ್ತಾರೆ, ನಾವೂ ಅನ್ನುತ್ತೇವೆ. ಈ ಮಾತನ್ನು ಇನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ನನಗೂ ಎಷ್ಟೋ ವರ್ಷ ಇದೇ ಪಾಡು. ಕನ್ನಡಕ ಬದಲಿಸಿದೆ. ಒಬ್ಬರು ಸೈನಸ್ ಅಂದರು, ಇನ್ನೊಬ್ಬರು ಪಿತ್ತ ಅಂದರು. ಅತ್ತೆ ದೃಷ್ಟಿ ತೆಗೆದರು. ಕೊನೆಗೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ, ಎಷ್ಟು ಗಂಟೆಗೆ ತಿನ್ನುತ್ತೀರಿ?" ಏಳುವುದು ಐದಕ್ಕೆ, ತಿನ್ನುವುದು ಹನ್ನೊಂದಕ್ಕೆ ಎಂದೆ. ನನ್ನದು ಮೈಗ್ರೇನ್, ಅಂದರೆ ಅರೆತಲೆನೋವು ಎಂದು ಗೊತ್ತಾದದ್ದು ಆವತ್ತು.

ಇದನ್ನು ಗುರುತಿಸುವುದು ಕಷ್ಟವಲ್ಲ. ನೋವು ಹೆಚ್ಚಾಗಿ ತಲೆಯ ಒಂದು ಕಡೆ, ನಾಡಿ ಬಡಿದ ಹಾಗೆ ಮಿಡಿಯುತ್ತದೆ. ಕೆಲವರಿಗೆ ಎರಡೂ ಕಡೆ ಬರುವುದುಂಟು. ಬಗ್ಗಿ ಸಗಣಿ ಬಾಚಿದರೆ, ಬಿಂದಿಗೆ ಎತ್ತಿದರೆ ಜಾಸ್ತಿಯಾಗುತ್ತದೆ. ಹೊಟ್ಟೆ ತೊಳೆಸುತ್ತದೆ, ಬೆಳಕು, ಸದ್ದು ಸಹಿಸಲಾಗುವುದಿಲ್ಲ. ಔಷಧಿ ತೆಗೆದುಕೊಳ್ಳದಿದ್ದರೆ 4 ಗಂಟೆಯಿಂದ 72 ಗಂಟೆಯವರೆಗೂ ಇರಬಹುದು. ಕೆಲವರಿಗೆ ನೋವಿಗೆ ಮುಂಚೆ ಕಣ್ಣ ಮುಂದೆ ಮಿಂಚಿನ ಗೆರೆ ಓಡಾಡಿದಂತೆ ಕಾಣುತ್ತದೆ. ಹೀಗೆ ಮತ್ತೆ ಮತ್ತೆ ಬರುತ್ತಿದ್ದರೆ ಅದು ನೆಪವಲ್ಲ, ಕಾಯಿಲೆ.

ಅಪರೂಪದ್ದೂ ಅಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಕೇಳಿದಾಗ, ಒಂದು ವರ್ಷದ ಅವಧಿಯಲ್ಲಿ ಸುಮಾರು ನಾಲ್ಕು ಮಂದಿಯಲ್ಲಿ ಒಬ್ಬರಿಗೆ ಮೈಗ್ರೇನ್ ಕಾಡಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಇದು ಬಹಳ ಹೆಚ್ಚು. ಮುಟ್ಟಿನ ಹೊತ್ತಿಗೆ ದೇಹದಲ್ಲಿ ಹಾರ್ಮೋನು ಇಳಿಯುವುದು ಅದಕ್ಕೆ ಒಂದು ಕಾರಣ.

ಹಾರ್ಮೋನು ನಮ್ಮ ಕೈಯಲ್ಲಿಲ್ಲ. ಆದರೆ ನೋವನ್ನು ಕೆಣಕುವ ಬೇರೆ ಸಂಗತಿಗಳನ್ನು ನೋಡಿ: ಊಟ ತಪ್ಪುವುದು, ನೀರು ಕುಡಿಯದಿರುವುದು, ನಿದ್ದೆಗೆಡುವುದು, ಬಿಸಿಲು, ಘಾಟು ವಾಸನೆ, ಮನಸ್ಸಿನ ಮೇಲಿನ ಭಾರ. ಇದು ನಮ್ಮ ದಿನಚರಿಯೇ ಅಲ್ಲವೇ? ಕೊಟ್ಟಿಗೆ ಗುಡಿಸಿ, ಹಾಲು ಕರೆದು, ಡೈರಿ ಸಾಲಿನಲ್ಲಿ ನಿಂತು, ಬಂದು ಮಕ್ಕಳಿಗೆ ತಿಂಡಿ ಮಾಡಿ, ಹುಲ್ಲಿಗೆ ಹೋಗುವವರೆಗೆ ಹೊಟ್ಟೆಗೆ ಬಿದ್ದದ್ದು ಒಂದು ಲೋಟ ಕಾಫಿ ಮಾತ್ರ.

ಹಾಗಾಗಿ ನನ್ನ ಮೊದಲ ಸಲಹೆಗೆ ಕಾಸು ಖರ್ಚಿಲ್ಲ. ಎದ್ದ ತಕ್ಷಣ ಒಂದು ಚೊಂಬು ನೀರು, ಹಾಲು ಕರೆಯುವ ಮೊದಲು ಎರಡು ತುತ್ತು ಏನಾದರೂ. ರಾತ್ರಿ ಉಳಿದ ಮುದ್ದೆಗೆ ಮಜ್ಜಿಗೆ ಹಾಕಿಕೊಂಡರೂ ಆಯಿತು, ಬಾಳೆಹಣ್ಣಾದರೂ ಆಯಿತು. ಉಪವಾಸದ ದಿನವೂ ಹಣ್ಣು, ಹಾಲು ಬಿಡಬೇಡಿ. ಹುಲ್ಲು ಕೊಯ್ಯಲು ಹೋದಾಗ ತಲೆಗೆ ಬಟ್ಟೆ, ಜೊತೆಗೆ ನೀರಿನ ಬಾಟಲಿ ಇರಲಿ.

ಎರಡನೆಯದು ಲೆಕ್ಕ. ಹಾಲಿನ ಪಾಸ್‌ಬುಕ್‌ನಲ್ಲಿ ಲೀಟರ್ ಎಷ್ಟು, ಫ್ಯಾಟ್ ಎಷ್ಟು ಎಂದು ಹೊತ್ತು ಹೊತ್ತಿಗೆ ನೋಡುವವರು ನಾವು. ಹಾಗೆಯೇ ಗೋಡೆಯ ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೆ ಒಂದು ಗುರುತು, ಮಾತ್ರೆ ನುಂಗಿದ ದಿನಕ್ಕೆ ಇನ್ನೊಂದು ಗುರುತು ಹಾಕಿ. ಮುಟ್ಟಿನ ದಿನವನ್ನೂ ಬರೆದಿಡಿ. ಮೂರು ತಿಂಗಳಲ್ಲಿ ಯಾವುದರಿಂದ ಬರುತ್ತಿದೆ ಎಂದು ನಿಮಗೇ ಕಾಣುತ್ತದೆ, ಡಾಕ್ಟರಿಗೂ ಅನುಕೂಲ.

ಮಾತ್ರೆಯ ಲೆಕ್ಕ ಏಕೆಂದರೆ, ನೋವಿನ ಮಾತ್ರೆಯನ್ನು ತಿಂಗಳಿಗೆ 10–15 ದಿನ, ಹೀಗೇ ಮೂರು ತಿಂಗಳಿಗಿಂತ ಹೆಚ್ಚು ಕಾಲ ನುಂಗಿದರೆ ಆ ಮಾತ್ರೆಯಿಂದಲೇ ತಲೆನೋವು ಶುರುವಾಗುತ್ತದೆ. ಹೆಸರು ಗೊತ್ತಿಲ್ಲದ ಮಾತ್ರೆಯನ್ನು ಅಂಗಡಿಯಿಂದ ತರಿಸಬೇಡಿ. ಪದೇ ಪದೇ ಬರುವವರಿಗೆ ನೋವು ಬರದಂತೆ ತಡೆಯುವ ಮಾತ್ರೆಗಳು ಬೇರೆಯೇ ಇವೆ. ಆಸ್ತಮಾ ಇದ್ದರೆ, ಬಸುರಿಯಾಗಿದ್ದರೆ, ಮಕ್ಕಳಾಗದಂತೆ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಕಣ್ಣ ಮುಂದೆ ಮಿಂಚು ಕಾಣುವವರಿಗೆ ಕೆಲವು ಗರ್ಭನಿರೋಧಕ ಗುಳಿಗೆಗಳಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಇನ್ನು ಕೆಲವು ತಲೆನೋವಿಗೆ ಕಾಯಲೇಬಾರದು. ಹಿಂದೆಂದೂ ಕಾಣದಷ್ಟು ನೋವು ಒಮ್ಮೆಲೇ ಹೊಡೆದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಹಸು ಒದ್ದು ತಲೆಗೆ ಪೆಟ್ಟಾದ ಮೇಲೆ ಬಂದರೆ, ಬಸುರಿಗೆ ತಲೆನೋವಿನ ಜೊತೆ ಕಣ್ಣು ಮಂಜಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಿ.

ಕೊನೆಯದಾಗಿ ಮನೆಯವರಿಗೂ ಸಂಘಕ್ಕೂ ಒಂದು ಮಾತು. ಡೈರಿಯ ಹೊತ್ತು ನಮಗಾಗಿ ನಿಲ್ಲುವುದಿಲ್ಲ, ನಿಜ. ಆದರೆ ನಾನು ಹಾಲು ಕರೆದ ಮೇಲೆ ಕ್ಯಾನು ಒಯ್ಯುವುದನ್ನು ಯಜಮಾನರೋ ಮಗನೋ ವಹಿಸಿಕೊಂಡರೆ ನನಗೆ ಕೂತು ತಿನ್ನಲು ಅರ್ಧ ಗಂಟೆ ಸಿಗುತ್ತದೆ. ನಮ್ಮ ಮನೆಯಲ್ಲಿ ಈಗ ಮಗ ಒಯ್ಯುತ್ತಾನೆ. ತಿಂಗಳಿಗೆ ನಾಲ್ಕಿದ್ದ ತಲೆನೋವು ಒಂದಕ್ಕೆ ಇಳಿದಿದೆ. ಸಂಘದವರು ರಾಸುಗಳಿಗೆ ಶಿಬಿರ ಮಾಡಿಸುವ ದಿನ ಆರೋಗ್ಯ ಕೇಂದ್ರದವರನ್ನೂ ಕರೆಸಿ, ರಾಸು ಹಿಡಿದುಕೊಂಡು ಬಂದವರ ಬಿ.ಪಿ. ನೋಡಿಸಿ, ತಲೆನೋವನ್ನೂ ವಿಚಾರಿಸಲಿ. ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಈಗ ಮಿದುಳು ಆರೋಗ್ಯದ ಕ್ಲಿನಿಕ್‌ಗಳೂ ಇವೆ.

ನಾಳೆ ಬೆಳಿಗ್ಗೆ ಹಸುವಿಗೆ ಹಿಂಡಿ ಇಡುವ ಮೊದಲು ನೀವು ಏನಾದರೂ ತಿಂದಿರಾ ಎಂದು ಒಮ್ಮೆ ಕೇಳಿಕೊಳ್ಳಿ. ಸಾಲಿನಲ್ಲಿ ನಿಂತಾಗ ಪಕ್ಕದವರನ್ನೂ ಕೇಳಿ.