ನದಿಯ ಆರೋಗ್ಯಕ್ಕೆ ಮೀನೇ ಸಾಕ್ಷಿ

ಶೃಂಗೇರಿಯ ಸ್ನಾನಘಟ್ಟದಲ್ಲಿ ನಿಂತು ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚಿದ ಸಂಭ್ರಮ ನಮ್ಮಲ್ಲಿ ಹಲವರ ಬಾಲ್ಯದ ನೆನಪು. ಈಚೆಗೆ ಅಲ್ಲಿಗೆ ಹೋಗಿದ್ದಾಗ ನಾನೂ ಮಕ್ಕಳ ಜೊತೆ ಮಗುವಾಗಿ ಆ ಸುಖವನ್ನು ಮತ್ತೊಮ್ಮೆ ಅನುಭವಿಸಿದೆ. ಬೆಂಗಳೂರಿಗೆ ಮರಳಿದ ಮರುದಿನ ಕೆಲಸದ ನಿಮಿತ್ತ ಮೈಸೂರು ರಸ್ತೆಯಲ್ಲಿ ಹೊರಟಾಗ ವೃಷಭಾವತಿ ಎದುರಾಯಿತು. ಬಸ್ಸಿನಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡೆವು. ಅದೂ ಒಂದು ನದಿ ಎಂಬುದು ಯಾರಿಗೂ ನೆನಪಾದಂತೆ ಕಾಣಲಿಲ್ಲ.

ಈ ಕೊಳಚೆ ನಗರದ ಗಡಿಯಲ್ಲಿ ನಿಲ್ಲುವುದಿಲ್ಲ. ಬೈರಮಂಗಲ ಕೆರೆಯನ್ನು ದಾಟಿ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ನಾವು ಕುಡಿಯುವ ಕಾವೇರಿ ನೀರನ್ನು ಮೇಲ್ಭಾಗದಲ್ಲಿ ಎತ್ತಿಕೊಂಡು, ಬಳಸಿದ ನೀರನ್ನು ಕೆಳಭಾಗದಲ್ಲಿ ಅದೇ ಕಾವೇರಿಗೆ ಒಪ್ಪಿಸುತ್ತಿದ್ದೇವೆ.

ಕಾವೇರಿ ಕೊಳ್ಳವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇಲ್ಲದ ಮೀನು ಗೂನುಬೆನ್ನಿನ ಮಹಶೀರ್. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೊ ತೂಕದ ಇಂಥದೊಂದು ಮೀನು ಗಾಳಕ್ಕೆ ಸಿಕ್ಕ ದಾಖಲೆಯಿದೆ. ಶತಮಾನಕ್ಕೂ ಹೆಚ್ಚು ಕಾಲ ಬೇಟೆಗಾರರು ಕೊಂಡಾಡಿದ ಈ ಮೀನಿನ ವೈಜ್ಞಾನಿಕ ಗುರುತು ಟಾರ್ ರೆಮಾದೇವಿ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ಅಳಿವಿನ ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಹೆಸರು ಸಿಗುವ ಹೊತ್ತಿಗೆ ಮೀನೇ ಕಣ್ಮರೆಯಾಗುವ ಸ್ಥಿತಿ ತಲುಪಿತ್ತು. ಅಣೆಕಟ್ಟು, ಸಿಡಿಮದ್ದಿನ ಬೇಟೆ, ಮರಳು ಗಣಿಗಾರಿಕೆ, ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಇವೆಲ್ಲದರ ಪಾಲೂ ಇದರಲ್ಲಿದೆ. ಹೊಲಸು ನೀರಿನ ಪಾಲಂತೂ ನೇರವಾಗಿ ನಗರವಾಸಿಗಳಾದ ನಮ್ಮದು.

ಉಷ್ಣವಲಯದ ನದಿಗಳಿಗೆ ಸಹಜವಾದ ಒಂದು ಮಿತಿಯಿದೆ. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರಬಹುದಾದದ್ದು 30 ಡಿಗ್ರಿಯಲ್ಲಿ ಸುಮಾರು ಏಳೂವರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಹರಿವು ಕುಗ್ಗಿ, ಕೊಳಚೆಯ ಪ್ರಮಾಣ ಹಾಗೆಯೇ ಉಳಿದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಈ ಅಲ್ಪ ಉಸಿರನ್ನೂ ಕಸಿದುಕೊಳ್ಳುತ್ತವೆ. ಪಾಚಿ ತುಂಬಿದ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆಯಿರುವುದು ನಸುಕಿನಲ್ಲಿ. ಹಗಲು ಹೊತ್ತಿನಲ್ಲಿ ಬಾಟಲಿಗೆ ತುಂಬಿದ ಮಾದರಿ ಆ ಸಂಕಟವನ್ನು ಹೇಳಲಾರದು. ರಾತ್ರಿ ಹಗಲೆನ್ನದೆ ಅಲ್ಲೇ ಬದುಕುವ ಮೀನು ಹೇಳಬಲ್ಲದು.

'ನದಿಯಲ್ಲಿ ಈಗಲೂ ಮೀನು ಸಿಗುತ್ತಿದೆಯಲ್ಲ' ಎಂಬ ಸಮಾಧಾನವನ್ನು ಆಗಾಗ ಕೇಳುತ್ತೇನೆ. ಪ್ರಶ್ನೆ ಇರುವುದು ಯಾವ ಮೀನು ಎಂಬುದರಲ್ಲಿ. ಹರಿಯುವ ಶುದ್ಧ ನೀರನ್ನೇ ನೆಚ್ಚಿದ ಮೀನುಗಳು ಮೊದಲು ಕಾಣೆಯಾಗುತ್ತವೆ. ಕೊಳಕನ್ನೂ ತಾಳಬಲ್ಲ ತಿಲಾಪಿಯ, ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡಬಲ್ಲ ಆಫ್ರಿಕನ್ ಕ್ಯಾಟ್‌ಫಿಶ್ ಆ ಜಾಗವನ್ನು ಆಕ್ರಮಿಸುತ್ತವೆ. ಬಲೆಗೆ ಬಿದ್ದ ಮೀನಿನ ತೂಕವನ್ನಷ್ಟೇ ನೋಡಿದರೆ ನದಿ ಸಮೃದ್ಧವಾಗಿಯೇ ಕಾಣುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ನದಿ ಭಾಗಗಳನ್ನು ಕಲುಷಿತ ಎಂದು ಗುರುತಿಸಿತು. ಅದರಲ್ಲಿ ಕರ್ನಾಟಕದವು 17. ಅರ್ಕಾವತಿ, ಕಾವೇರಿ, ಕಬಿನಿ ಅಲ್ಲಿದ್ದವು. ಶೃಂಗೇರಿಯಲ್ಲಿ ನಾವು ಕೈಮುಗಿಯುವ ತುಂಗೆಯ ಕೆಳಹರಿವಿನ ಒಂದು ಭಾಗವೂ ಇತ್ತು. 2022ರ ಪಟ್ಟಿಯಲ್ಲಿ ದೇಶದ ಸಂಖ್ಯೆ 311ಕ್ಕೆ ಇಳಿಯಿತು. ಕರ್ನಾಟಕದ್ದು 17ರಲ್ಲೇ ಉಳಿಯಿತು. ಈ ಪಟ್ಟಿಗಳಿಗೆ ಆಧಾರ ನೀರಿನ ಜೈವಿಕ ಆಮ್ಲಜನಕ ಬೇಡಿಕೆ. ಅದು ಅಗತ್ಯವಾದ ಅಳತೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ನೀರಿನಲ್ಲಿ ಯಾರು ಬದುಕಿದ್ದಾರೆ ಎಂಬುದನ್ನು ಅದು ತಿಳಿಸುವುದಿಲ್ಲ.

ಮೀನುಗಳ ಬಗೆ ಮತ್ತು ಸಂಖ್ಯೆಯಿಂದ ಹೊಳೆಯ ಆರೋಗ್ಯವನ್ನು ಅಳೆಯುವ ಕ್ರಮವನ್ನು ಅಮೆರಿಕದ ಜೀವವಿಜ್ಞಾನಿ ಜೇಮ್ಸ್ ಕಾರ್ 1981ರಲ್ಲೇ ರೂಪಿಸಿದರು. ಐರೋಪ್ಯ ಒಕ್ಕೂಟವು 2000ದಲ್ಲಿ ಹೊರಡಿಸಿದ ಜಲನೀತಿಯಲ್ಲಿ ಮೀನುಗಳ ಲೆಕ್ಕವೂ ನದಿ ಪರೀಕ್ಷೆಯ ಭಾಗ. ನಮ್ಮಲ್ಲೂ ಇದು ಅಸಾಧ್ಯವೇನಲ್ಲ. ಮುಂಗಾರಿಗೆ ಮೊದಲು ಒಮ್ಮೆ, ನಂತರ ಒಮ್ಮೆ, ನೀರಿನ ಮಾದರಿ ತೆಗೆಯುವ ಸ್ಥಳಗಳಲ್ಲೇ ಮೀನುಗಳ ಗಣತಿಯೂ ನಡೆಯಲಿ. ಮೀನುಗಾರಿಕೆ ಇಲಾಖೆ, ಸಮೀಪದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಮತ್ತು ಯಾವ ಮಡುವಿನಲ್ಲಿ ಯಾವ ಮೀನಿತ್ತೆಂದು ಬಲ್ಲ ಬೆಸ್ತರು ಇದರಲ್ಲಿ ಕೈಜೋಡಿಸಲಿ. ಬೆಸ್ತರ ಶ್ರಮಕ್ಕೆ ತಕ್ಕ ಸಂಭಾವನೆ ಸಲ್ಲಲಿ. ಫಲಿತಾಂಶ ಪ್ರತಿವರ್ಷ ಕನ್ನಡದಲ್ಲಿ ಪ್ರಕಟವಾಗಲಿ. ಕೊಳಚೆ ಶುದ್ಧೀಕರಣ ಘಟಕಗಳು ನಿಜಕ್ಕೂ ಕೆಲಸ ಮಾಡುತ್ತಿವೆಯೇ ಎಂಬುದು ಆಗ ಜನರಿಗೂ ತಿಳಿಯುತ್ತದೆ.

ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷವಿಕ್ಕಿದಾಗ ಅಸಂಖ್ಯ ದೇವರ ಮೀನುಗಳು ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವಿದೆ. ಒಂದು ದಿನದ ವಿಷಕ್ಕೆ ಅಷ್ಟು ಮರುಗಿದ ಜನ ನಾವು. ವೃಷಭಾವತಿಯಲ್ಲಿ ಪ್ರತಿದಿನ ಹರಿಯುವ ವಿಷದ ಬಗ್ಗೆ ಮೂಗು ಮುಚ್ಚಿಕೊಳ್ಳುವುದಕ್ಕಿಂತ ಹೆಚ್ಚಿನದನ್ನು ನಾವು ಮಾಡಬೇಕಾಗಿದೆ.